ಸೇಂಟ್ ಕ್ರಾಯ್: ಓಟಿಲ್ಲದ ಸೀಟಿನ ಡಾಕ್ಟರಮ್ಮನ ದ್ವೀಪ

ಕೆರಿಬಿಯನ್ ಕಡಲಿನ ಸೇಂಟ್ ಕ್ರಾಯ್ ದ್ವೀಪಕ್ಕೆ ಜನ ಹೋಗುವುದು ಬೀಚಿಗೆ, ಹವಳ ನೋಡೋಕೆ. ನಮ್ಮಕ್ಕ ಅಲ್ಲಿಗೇ ಹೋಗೋಣ ಅಂತ ಹಟ ಹಿಡಿದಿದ್ದು ಒಬ್ಬ ಡಾಕ್ಟರ ಕಾರಣಕ್ಕೆ. ಅಕ್ಕ ಒಹಾಯೋದಲ್ಲಿ ಫ್ಯಾಮಿಲಿ ಡಾಕ್ಟರ್. ಅಮೆರಿಕದ ಸಂಸತ್ತಿಗೆ ಹೋದ ಮೊದಲ ಮಹಿಳಾ ಡಾಕ್ಟರ್ ಡೊನ್ನಾ ಕ್ರಿಸ್ಟೆನ್‌ಸನ್ ಕೂಡ ಫ್ಯಾಮಿಲಿ ಡಾಕ್ಟರೇ. 1970ರಲ್ಲಿ ವಾಷಿಂಗ್ಟನ್ನಿನಲ್ಲಿ ಎಂ.ಡಿ. ಮುಗಿಸಿ, 1975ರಲ್ಲಿ ಈ ದ್ವೀಪಕ್ಕೆ ಬಂದು ರೋಗಿಗಳನ್ನು ನೋಡೋಕೆ ಶುರು ಮಾಡಿದವರು. 1997ರಿಂದ 2015ರವರೆಗೆ, ಈ ದ್ವೀಪವೂ ಸೇರಿರುವ ಅಮೆರಿಕದ ಪ್ರದೇಶ ಯು.ಎಸ್. ವರ್ಜಿನ್ ಐಲ್ಯಾಂಡ್ಸ್‌ನ ಡೆಲಿಗೇಟ್ (ಪ್ರತಿನಿಧಿ) ಆಗಿ ಪ್ರತಿನಿಧಿ ಸಭೆಯಲ್ಲಿ ಕೂತರು. ಅಷ್ಟೂ ವರ್ಷ ಒಂದೇ ಒಂದು ಮಸೂದೆಯ ಅಂತಿಮ ಓಟು ಹಾಕುವ ಹಕ್ಕು ಅವರಿಗಿರಲಿಲ್ಲ.

"ಓಟೇ ಇಲ್ಲ ಅಂದ್ಮೇಲೆ ಡಾಕ್ಟರಿಕೆ ಬಿಟ್ಟು ಯಾಕೆ ಹೋದ್ರು?" ಅಂತ ನಾನು ಮಯಾಮಿಯಿಂದ ವಿಮಾನ ಹತ್ತುವಾಗಲೇ ಕೇಳಿದ್ದೆ. "ಅಲ್ಲಿಯವರನ್ನೇ ಕೇಳೋಣ ಇರು" ಅಂದಳು ಅಕ್ಕ.

ಕೇಳೋಕೆ ಮುಂಚೆ ಕಾರಿನ ರಗಳೆ. ತಿಂಗಳ ಮೊದಲೇ ಬುಕ್ ಮಾಡಿದ್ದ ಕಾರು ಕೌಂಟರಿಗೆ ಹೋದಾಗ ಇರಲೇ ಇಲ್ಲ. "ಕೊಟ್ಟುಬಿಟ್ಟೆವು" ಅಂದರು, ಅಷ್ಟೇ. ಎರಡು ಗಂಟೆ ಕಾಯಿಸಿ ದೊಡ್ಡ ಜೀಪು ಕೊಟ್ಟು, ಅದಕ್ಕೆ ಜಾಸ್ತಿ ದುಡ್ಡೂ ತಗೊಂಡರು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ನೀವು ಹೋಗುವುದಾದರೆ ಹಿಂದಿನ ದಿನ ಫೋನ್ ಮಾಡಿ ಕಾರು ಇದೆಯಾ ಅಂತ ಕೇಳಿ, ಒಪ್ಪಿದ ದರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ: ಅಮೆರಿಕದ್ದೇ ನೆಲವಾದರೂ ಇಲ್ಲಿ ನಮ್ಮ ಹಾಗೆ ರಸ್ತೆಯ ಎಡಗಡೆ ಓಡಿಸಬೇಕು. ಸ್ಟೀರಿಂಗ್ ಕೂಡ ಎಡಗಡೆಯೇ. ಮುಂದಿನ ಗಾಡಿ ದಾಟಬೇಕೆಂದರೆ ಎದುರಿಂದ ಏನು ಬರುತ್ತಿದೆ ಅಂತ ಕಾಣುವುದಿಲ್ಲ. ದಾಟಲೇಬೇಡಿ.

ಕ್ರಿಶ್ಚನ್‌ಸ್ಟೆಡ್ ಚೆನ್ನಾಗಿದೆ, ಹಳದಿ ಬಣ್ಣದ ಡೇನಿಶ್ ಕೋಟೆ ಇನ್ನೂ ಚೆನ್ನಾಗಿದೆ. ಆದರೆ ಅಂಗಡಿಗಳೆಲ್ಲ ಪ್ರವಾಸಿಗರಿಗೇ ಜೋಡಿಸಿಟ್ಟ ಹಾಗಿದ್ದವು, ನನಗೆ ಹಿಡಿಸಲಿಲ್ಲ. ಮನಸ್ಸು ನಿಂತದ್ದು ಪಶ್ಚಿಮದ ತುದಿಯ ಫ್ರೆಡ್ರಿಕ್‌ಸ್ಟೆಡ್ಡಿನಲ್ಲಿ. ಇಲ್ಲಿನ ಕೆಂಪು ಕೋಟೆಯ ಮುಂದೆ 1848ರ ಜುಲೈ 3ರಂದು ಗುಲಾಮರು ಸಾವಿರಗಟ್ಟಲೆ ಸೇರಿ ಬಿಡುಗಡೆ ಕೇಳಿದ್ದರು. ಡೇನಿಶ್ ಗವರ್ನರ್ ಪೀಟರ್ ವಾನ್ ಶೋಲ್ಟನ್ ಅದೇ ದಿನ ಎಲ್ಲರೂ ಸ್ವತಂತ್ರರು ಅಂತ ಸಾರಬೇಕಾಯಿತು. ಕೋಟೆಯ ಮುಂದಿನ ಹುಲ್ಲಿನಲ್ಲಿ ನಿಂತರೆ ಆ ಜನ ಎಷ್ಟು ಹತ್ತಿರ ಬಂದು ನಿಂತಿರಬೇಕು ಅಂತ ಕಣ್ಣಿಗೆ ಕಟ್ಟುತ್ತದೆ.

ಅಲ್ಲೇ ಸಣ್ಣದೊಂದು ಊಟದ ಅಂಗಡಿ. ಒಳಗೆ ಕಾಲಿಡುವಾಗ ಅಕ್ಕ ಎಲ್ಲರಿಗೂ "ಗುಡ್ ಆಫ್ಟರ್‌ನೂನ್" ಅಂದಳು. ಈ ದ್ವೀಪದಲ್ಲಿ ಹಾಗನ್ನದೆ ಮಾತು ಶುರು ಮಾಡಿದರೆ ಒರಟುತನ. ತಟ್ಟೆಯಲ್ಲಿ ಮೀನು, ಜೊತೆಗೆ ಫಂಗಿ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತಿರುವಿ ಉಂಡೆ ಮಾಡಿದ್ದು, ಥೇಟ್ ನಮ್ಮ ಮುದ್ದೆಯ ಹಾಗೆ. ಕುಡಿಯೋಕೆ ಹುಣಸೆ ಪಾನಕ. ಹೋಟೆಲಿನ ಬಫೆಗಿಂತ ಈ ಊಟ ನೂರು ಪಾಲು ಮೇಲು.

ಪಕ್ಕದ ಮೇಜಿನಲ್ಲಿ ಎಪ್ಪತ್ತು ದಾಟಿದ ಹೆಂಗಸು ಕೂತಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅಕ್ಕ ತಾನು ಡಾಕ್ಟರ್ ಅಂದಿದ್ದೇ ತಡ, ತಮ್ಮ ಕುರ್ಚಿಯನ್ನೇ ನಮ್ಮ ಕಡೆ ಎಳೆದುಕೊಂಡರು. ಅಲ್ಲಿಂದ ಮಧ್ಯಾಹ್ನವೆಲ್ಲ ಅವರದೇ.

"ಡಾಕ್ಟರ್ ಕ್ರಿಸ್ಟೆನ್‌ಸನ್ ಏನು ಇದ್ದಕ್ಕಿದ್ದ ಹಾಗೆ ರಾಜಕೀಯಕ್ಕೆ ಬಂದವರಲ್ಲ" ಅಂದರು. 1980ರ ಹೊತ್ತಿಗೇ ಡೆಮಾಕ್ರಟಿಕ್ ಪಕ್ಷದ ಸ್ಥಳೀಯ ಸಮಿತಿಯಲ್ಲಿದ್ದರಂತೆ. ಶಿಕ್ಷಣ ಮಂಡಳಿಗೆ ಆರಿಸಿ ಬಂದರು, ಆರೋಗ್ಯ ಇಲಾಖೆಯನ್ನೂ ಸ್ವಲ್ಪ ಕಾಲ ನೋಡಿಕೊಂಡರು. 1994ರಲ್ಲಿ ಡೆಲಿಗೇಟ್ ಸ್ಥಾನಕ್ಕೆ ನಿಂತು ಸೋತರು. 1996ರಲ್ಲಿ ಮತ್ತೆ ನಿಂತು ಗೆದ್ದರು.

"ಆದರೆ ಓಟಿಲ್ಲವಲ್ಲ?" ಅಂತ ನಾನು ಬಾಯಿ ಹಾಕಿದೆ.

"ನಮಗೂ ಇಲ್ಲ" ಅಂದರು. "ಡೆನ್ಮಾರ್ಕಿನಿಂದ ಅಮೆರಿಕ ನಮ್ಮನ್ನು ಕೊಂಡದ್ದು 1917ರಲ್ಲಿ. 2.5 ಕೋಟಿ ಡಾಲರಿಗೆ, ಚಿನ್ನದಲ್ಲಿ. ಪೌರತ್ವ ಕೊಡೋಕೆ ಇನ್ನೂ ಹತ್ತು ವರ್ಷ. ಸೈನ್ಯಕ್ಕೆ ನಮ್ಮ ಹುಡುಗರು ಬೇಕು, ಅಧ್ಯಕ್ಷರನ್ನು ಆರಿಸೋಕೆ ನಾವು ಬೇಡ."

ಆಮೇಲೆ ನನ್ನ ಪ್ರಶ್ನೆಗೆ ಬಂದರು. ಡೆಲಿಗೇಟ್ ಸದನದಲ್ಲಿ ಮಾತಾಡಬಹುದು, ಮಸೂದೆ ಮಂಡಿಸಬಹುದು, ಸಮಿತಿಯಲ್ಲಿ ಓಟೂ ಹಾಕಬಹುದು. ಸದನದ ಕೊನೆಯ ಓಟು ಮಾತ್ರ ಇಲ್ಲ. ನಡುವೆ ಕೆಲವು ವರ್ಷ ಸದನವೇ ಸಮಿತಿಯಾಗಿ ಕೂತಾಗ ಓಟು ಹಾಕಲು ಬಿಟ್ಟಿದ್ದರು. ಆದರೆ ಡೆಲಿಗೇಟುಗಳ ಓಟಿನಿಂದಲೇ ಫಲಿತಾಂಶ ಬದಲಾದರೆ, ಅವರನ್ನು ಬಿಟ್ಟು ಮತ್ತೆ ಓಟು ಹಾಕಿಸುವ ನಿಯಮ! ಇದನ್ನು ಹೇಳುವಾಗ ಆಕೆ ಮೇಜಿನ ಮೇಲೆ ಬೆರಳಿಂದ ಗೆರೆ ಎಳೆದು, ಅಂಗೈಯಿಂದ ಒರೆಸಿಬಿಟ್ಟರು.

"2009ರಲ್ಲಿ ಆರೋಗ್ಯ ವಿಮೆಯ ಮಸೂದೆ ಎನರ್ಜಿ ಅಂಡ್ ಕಾಮರ್ಸ್ ಸಮಿತಿಗೆ ಬಂತಲ್ಲ? ಅಲ್ಲಿ ಅವರು ಸದಸ್ಯರು" ಅಂದರು. ಸಮಿತಿಯಲ್ಲಿ ಅದು ದಾಟಿದ್ದು 31ಕ್ಕೆ 28ರಿಂದ. ಆ 31ರಲ್ಲಿ ಈ ದ್ವೀಪದ ಡಾಕ್ಟರ ಓಟೂ ಒಂದು. 2010ರ ಮಾರ್ಚ್ 21ರ ರಾತ್ರಿ ಸದನ ಕೊನೆಗೆ ಸೆನೆಟ್‌ನ ಆರೋಗ್ಯ ವಿಮೆ ಮಸೂದೆಯನ್ನು 219ಕ್ಕೆ 212ರಿಂದ ಒಪ್ಪಿದಾಗ ಓಟು ಹಾಕಲು ಅವರಿಗೆ ಅವಕಾಶ ಇರಲಿಲ್ಲ.

ಬಡವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್ ವಿಷಯ ಬಂದಾಗ ಅಕ್ಕ ಚಮಚ ಕೆಳಗಿಟ್ಟಳು. ಬಡವರ ಚಿಕಿತ್ಸೆಗೆ ರಾಜ್ಯ ಎಷ್ಟು ಖರ್ಚು ಮಾಡಿದರೂ ಕೇಂದ್ರ ತನ್ನ ಪಾಲು ಕೊಡುತ್ತದೆ. ಈ ದ್ವೀಪಗಳಿಗೆ ಮಾತ್ರ ವರ್ಷಕ್ಕೆ ಇಷ್ಟೇ ಅಂತ ಮಿತಿ. ಮಿತಿ ಮುಟ್ಟಿದ ಮೇಲೆ ಎಲ್ಲ ಭಾರ ದ್ವೀಪದ ಸರ್ಕಾರದ ಮೇಲೆ. 2010ರ ಆ ಆರೋಗ್ಯ ಕಾಯ್ದೆಯಲ್ಲಿ ಅಮೆರಿಕದ ಐದು ದ್ವೀಪ ಪ್ರದೇಶಗಳಿಗೂ ಸೇರಿ 730 ಕೋಟಿ ಡಾಲರ್ ಹೆಚ್ಚುವರಿ ಹಣ ಸಿಕ್ಕಿತು. ಕೇಂದ್ರದ ಪಾಲು ಶೇಕಡಾ 50ರಿಂದ 55ಕ್ಕೆ ಏರಿತು. ಮಿತಿ ಹಾಗೇ ಉಳಿಯಿತು.

"ನನ್ನ ರೋಗಿಗಳಿಗೆ ಈ ಮಿತಿ ಇದ್ದಿದ್ದರೆ ಅರ್ಧ ಜನಕ್ಕೆ ನಾನು ಏನೂ ಮಾಡೋಕೆ ಆಗ್ತಿರಲಿಲ್ಲ" ಅಂದಳು ಅಕ್ಕ.

"ಅದನ್ನು ಆ ಸಮಿತಿಯಲ್ಲಿ ಯಾರು ಹೇಳಬೇಕಿತ್ತು?" ಅಂದರು ಆಕೆ. "ಮಿಕ್ಕವರಿಗೆ ಅದು ಲೆಕ್ಕದ ಒಂದು ಸಾಲು. ಇವರಿಗೆ ಹಾಗಲ್ಲ. 1989ರಲ್ಲಿ ಹ್ಯೂಗೊ ಚಂಡಮಾರುತ ದ್ವೀಪವನ್ನೇ ಕೆಡವಿತಲ್ಲ, ಆಗಲೂ ಅವರು ಇಲ್ಲೇ ಡಾಕ್ಟರ್. ಔಷಧಿ ಇಲ್ಲ ಅಂದ್ರೆ ಏನು ಅಂತ ಅವರಿಗೆ ಗೊತ್ತಿತ್ತು. ಓಟಿಲ್ಲದ ಸೀಟು ಖಾಲಿ ಬಿಟ್ಟರೆ ನಮ್ಮ ಹೆಸರು ಎತ್ತೋರೇ ಇರಲ್ಲ."

ಮಯಾಮಿಯಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಡಾಕ್ಟರಿಕೆ ಬಿಟ್ಟು ಹೋದರು ಅನ್ನುವ ನನ್ನ ಮಾತೇ ಅಲ್ಲಿ ನಿಲ್ಲಲಿಲ್ಲ. ಕರಿಯರ ಸಂಸದರ ಕೂಟದಲ್ಲಿ ಆರೋಗ್ಯದ ವಿಷಯ ನೋಡಿಕೊಳ್ಳುವ ತಂಡವನ್ನು ವರ್ಷಗಟ್ಟಲೆ ನಡೆಸಿದ್ದೂ ಅವರೇ ಅಂತ ಅಕ್ಕ ನೆನಪಿಸಿದಳು.

2014ರಲ್ಲಿ ಅವರು ಡೆಲಿಗೇಟ್ ಸ್ಥಾನ ಬಿಟ್ಟು ಗವರ್ನರ್ ಚುನಾವಣೆಗೆ ನಿಂತರು. ಎರಡನೇ ಸುತ್ತಿನಲ್ಲಿ ಕೆನೆತ್ ಮ್ಯಾಪ್ ಎದುರು ಸೋತರು. ದ್ವೀಪದ ದೊಡ್ಡ ತೈಲ ಶುದ್ಧೀಕರಣ ಘಟಕ 2012ರಲ್ಲೇ ಮುಚ್ಚಿತ್ತು, ಕೆಲಸ ಹೋದವರು ಬಹಳ. "ನಾನು ಅವರಿಗೇ ಹಾಕಿದೆ. ನನ್ನ ಮಗ ಹಾಕಲಿಲ್ಲ" ಅಂದರು ಆಕೆ. ಮಗ ಈಗ ಟೆಕ್ಸಾಸಿನಲ್ಲಿದ್ದಾನಂತೆ. ಅಲ್ಲಿಗೆ ಹೋದ ಮೇಲೆ ಅವನಿಗೆ ಅಧ್ಯಕ್ಷರ ಓಟು ಸಿಕ್ಕಿದೆ.

ಉಳಿದ ದಿನಗಳು ಕಡಲಿನಲ್ಲಿ ಕಳೆದವು. 1493ರಲ್ಲಿ ಕೊಲಂಬಸ್‌ನ ಜನ ಇಳಿದಿದ್ದ ಸಾಲ್ಟ್ ರಿವರ್ ಕೊಲ್ಲಿಯನ್ನು ಬೆಳಗ್ಗೆ ಬೇಗ ನೋಡಿ, ಬಿಸಿಲೇರಿದ ಮೇಲೆ ನೆರಳೇ ಸಿಗುವುದಿಲ್ಲ.

ವಾಪಸ್ ಬರುವ ದಿನ ಏರ್‌ಪೋರ್ಟಿಗೆ ಬೇಗ ಹೋಗಿ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಮಯಾಮಿಗೆ ಹೊರಟಿದ್ದರೂ ಇಲ್ಲಿ ಕಸ್ಟಮ್ಸ್, ಇಮಿಗ್ರೇಶನ್ ಎರಡೂ ದಾಟಬೇಕು. ನಮ್ಮ ಸಾಲಿನಲ್ಲಿ ಮುಂದಿದ್ದವರೆಲ್ಲ ದ್ವೀಪದವರೇ, ಅಮೆರಿಕದ ಪ್ರಜೆಗಳೇ. ಅವರೂ ದಾಖಲೆ ತೋರಿಸಿ, ಎಲ್ಲಿಯವರು ಅಂತ ಹೇಳಿ ಮುಂದೆ ಹೋಗುತ್ತಿದ್ದರು. ಅಕ್ಕನಿಗೆ ಅದು ಸರಿಬರಲಿಲ್ಲ. "ಇವರ ದೇಶದಿಂದ ಇವರ ದೇಶಕ್ಕೇ ಹೋಗೋಕೆ ಇಷ್ಟೆಲ್ಲ ಯಾಕೆ?" ಅಂತ ನಮ್ಮ ಸರದಿ ಬರುವವರೆಗೂ ಕೇಳುತ್ತಲೇ ಇದ್ದಳು.