ಪಿಸಿಆರ್ ಟ್ಯೂಬಿನೊಳಗಿನ ಮೆಗ್ನೀಸಿಯಂ ಲೆಕ್ಕ

ಡಿಎನ್‌ಎಯನ್ನು ಉಪ್ಪಿನಂಶವೇ ಇಲ್ಲದ ನೀರಿನಲ್ಲಿ ಕರಗಿಸಿಟ್ಟರೆ ಅದರ ಎರಡೆಳೆಗಳು ಕೋಣೆಯ ಉಷ್ಣಾಂಶದಲ್ಲೇ ಬಿಚ್ಚಿಕೊಳ್ಳಬಹುದು. ಎಳೆಯ ಬೆನ್ನೆಲುಬಿನಲ್ಲಿರುವ ಪ್ರತಿ ಫಾಸ್ಫೇಟ್ ಮೇಲೂ ಒಂದು ಋಣಾವೇಶ ಇರುತ್ತದೆ. ಎರಡೂ ಎಳೆ ಸೇರಿ 0.17 ನ್ಯಾನೋಮೀಟರಿಗೊಂದು ಬೀಳುತ್ತದೆ. ಇಷ್ಟು ಒತ್ತಾಗಿ ಕೂತವು ಒಂದನ್ನೊಂದು ತಳ್ಳದೆ ಬಿಡುವುದಿಲ್ಲ.

ಧನಾವೇಶದ ಸೋಡಿಯಂ ಅಯಾನು ಬಂದರೆ ಈ ತಳ್ಳಾಟ ತಗ್ಗುತ್ತದೆ. ರಸಾಯನ ವಿಜ್ಞಾನಿ ಜೆರಾಲ್ಡ್ ಮ್ಯಾನಿಂಗ್ ಅವರ ಸಿದ್ಧಾಂತದ ಪ್ರಕಾರ ಸುಮಾರು 76% ಆವೇಶವನ್ನು ಸುತ್ತ ಮುತ್ತಿಕೊಂಡ ಸೋಡಿಯಂ ಸರಿದೂಗಿಸುತ್ತದೆ, ಮೆಗ್ನೀಸಿಯಂ ಆದರೆ 88%. ಚಿತ್ರಗಳಲ್ಲಿ ಒಂದೊಂದು ಫಾಸ್ಫೇಟಿಗೂ ಒಂದೊಂದು ಅಯಾನು ಅಂಟಿಸಿರುತ್ತಾರೆ, ಅದನ್ನು ನಂಬಬೇಡಿ. ಹೆಚ್ಚಿನವು ನೀರಿನ ಹೊದಿಕೆ ಹೊದ್ದುಕೊಂಡೇ ಎಳೆಯುದ್ದಕ್ಕೂ ಓಡಾಡುತ್ತಿರುತ್ತವೆ. ಮೆಗ್ನೀಸಿಯಂ ತನ್ನ ಆರು ನೀರಿನ ಅಣುಗಳನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಸೋಡಿಯಂ ಹತ್ತು ಪಟ್ಟು ಇಳಿದರೆ ಉದ್ದನೆಯ ಡಿಎನ್‌ಎ ಕರಗುವ, ಅಂದರೆ ಎರಡೆಳೆ ಬೇರಾಗುವ, ಉಷ್ಣಾಂಶ ಸುಮಾರು 16 ಡಿಗ್ರಿ ಇಳಿಯುತ್ತದೆ.

ಡಿಎನ್‌ಎಯ ಒಂದು ತುಣುಕನ್ನು ಟ್ಯೂಬಿನಲ್ಲಿ ಅಸಂಖ್ಯ ಪ್ರತಿ ಮಾಡುವ ಪಿಸಿಆರ್‌ನಲ್ಲಿ ಎಡವುವುದು ಮೆಗ್ನೀಸಿಯಂ ವಿಷಯದಲ್ಲೇ. 25 ಮೈಕ್ರೋಲೀಟರ್ ಮಿಶ್ರಣಕ್ಕೆ 1.5 ಮಿಲಿಮೋಲಾರ್ (ಸಾಂದ್ರತೆಯ ಅಳತೆ) ಮೆಗ್ನೀಸಿಯಂ ಹಾಕಿದ್ದೀರಿ ಎನ್ನಿ. ಹೊಸ ಎಳೆ ಕಟ್ಟುವ ಇಟ್ಟಿಗೆಗಳಾದ ನಾಲ್ಕು ಡಿಎನ್‌ಟಿಪಿಗಳೂ ತಲಾ 0.2, ಒಟ್ಟು 0.8, ಅವು ಹೆಚ್ಚುಕಡಿಮೆ ಅಷ್ಟೇ ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುತ್ತವೆ. ಉಳಿದದ್ದು 0.7. ಡಿಎನ್‌ಎ ಟಿಇ ಬಫರಿನಲ್ಲಿದ್ದು ಅದನ್ನು 10 ಮೈಕ್ರೋಲೀಟರ್ ಸುರಿದರೆ, ಆ ಬಫರಿನ ಜೊತೆಗೆ ಬಂದ, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಇನ್ನೂ 0.4 ನುಂಗುತ್ತದೆ. ಪ್ರತಿ ಮಾಡುವ, ಮೆಗ್ನೀಸಿಯಂ ಇಲ್ಲದೆ ಕೆಲಸ ಮಾಡದ ಕಿಣ್ವ ಪಾಲಿಮರೇಸ್‌ಗೆ ಸಿಗುವುದು ಬರೀ 0.3. ಫಲಿತಾಂಶ ನೋಡುವ ಜೆಲ್ ಖಾಲಿ ಕಂಡಾಗ ಪ್ರೈಮರನ್ನು (ಪ್ರತಿ ಶುರುವಾಗುವ ಜಾಗಕ್ಕೆ ಕೂರುವ ಚಿಕ್ಕ ಡಿಎನ್‌ಎ ತುಣುಕು) ದೂರುವ ಮೊದಲು ಈ ಕೂಡು-ಕಳೆ ಮಾಡಿ ನೋಡಿ. ಡಿಎನ್‌ಎಯನ್ನು ಇಡಿಟಿಎ ಇಲ್ಲದ 10 ಮಿಲಿಮೋಲಾರ್ ಟ್ರಿಸ್ ಬಫರಿನಲ್ಲಿ ಕರಗಿಸಿಟ್ಟುಕೊಂಡರೆ ಈ ಪಾಡೇ ಇಲ್ಲ. ಇಲ್ಲವಾದರೆ ಮೆಗ್ನೀಸಿಯಂ ಅನ್ನು 0.5ರಂತೆ ಏರಿಸುತ್ತಾ 3ರವರೆಗೆ ಪರೀಕ್ಷಿಸಿ. ಅತಿಯಾದರೆ ಪ್ರೈಮರಿನ ತಪ್ಪು ಜೋಡಿಗಳೂ ಗಟ್ಟಿಯಾಗಿ ಕೂರುತ್ತವೆ, ಬೇಡದ ಬ್ಯಾಂಡ್‌ಗಳು ಏಳುತ್ತವೆ. ಫ್ರೀಜರಿನಿಂದ ತೆಗೆದ ಮೆಗ್ನೀಸಿಯಂ ಕ್ಲೋರೈಡ್ ಪೂರ್ತಿ ಕರಗಿದ ಮೇಲೆ ವೋರ್ಟೆಕ್ಸ್ ಯಂತ್ರದಲ್ಲಿ ಅಲುಗಾಡಿಸಿ ಬೆರೆಸಲೇಬೇಕು: ಹೆಪ್ಪುಗಟ್ಟಿ ಕರಗುವಾಗ ಉಪ್ಪು ತಳಕ್ಕಿಳಿದು, ಮೇಲಿನಿಂದ ಪಿಪೆಟ್ಟಿಗೆ ತೆಳು ದ್ರಾವಣ ಬರುತ್ತದೆ.

ಎಥನಾಲ್ ಹಾಕಿ ದ್ರಾವಣದಿಂದ ಡಿಎನ್‌ಎಯನ್ನು ತಳಕ್ಕಿಳಿಸುವಾಗಲೂ ಅಯಾನುಗಳೇ ಬೇಕು. 100 ಮೈಕ್ರೋಲೀಟರ್ ಡಿಎನ್‌ಎ ದ್ರಾವಣಕ್ಕೆ 3 ಮೋಲಾರ್ ಸೋಡಿಯಂ ಅಸಿಟೇಟ್ 10 ಮೈಕ್ರೋಲೀಟರ್, ಆಮೇಲೆ ಎಥನಾಲ್ 275. ಎಥನಾಲ್ ಬೆರೆತ ನೀರು ಆವೇಶಗಳ ನಡುವಿನ ಸೆಳೆತವನ್ನು ಮೊದಲಿನಷ್ಟು ತಗ್ಗಿಸಲಾರದು, ಸೋಡಿಯಂ ಫಾಸ್ಫೇಟಿಗೆ ಬಿಗಿಯಾಗಿ ಹತ್ತಿಕೊಂಡು ಡಿಎನ್‌ಎ ಕೆಳಗಿಳಿಯುತ್ತದೆ. 70% ಎಥನಾಲಿನಲ್ಲಿ ತೊಳೆಯದೆ ಬಿಟ್ಟರೆ ಆ ಉಪ್ಪು ಮುಂದಿನ ಕಿಣ್ವವನ್ನು ಕಾಡುತ್ತದೆ.

ಆರ್‌ಎನ್‌ಎ ಮಡಚಿಕೊಳ್ಳಲು ಮೆಗ್ನೀಸಿಯಂ ಬೇಕು, ನಿಜ. ಆದರೆ ಅದು ಇರುವಾಗಲೇ 95 ಡಿಗ್ರಿಗೆ ಕಾಯಿಸಿದರೆ ಆರ್‌ಎನ್‌ಎ ತುಂಡಾಗುತ್ತದೆ. ಮೊದಲು ಮೆಗ್ನೀಸಿಯಂ ಇಲ್ಲದೆ ಕಾಯಿಸಿ, ತಣಿದ ಮೇಲೆ ಸೇರಿಸಿ.