ಬಾದಾಮಿ ಕಲ್ಲಿನ ಬಣ್ಣ

ಬಾದಾಮಿಗೆ ಜಲವರ್ಣದ ಪೆಟ್ಟಿಗೆ ಹಿಡಿದು ಬಂದವರು ಮೊದಲು ಮಾಡುವ ತಪ್ಪು ಗುಡ್ಡಕ್ಕೆ ಕೆಂಪು ಬಳಿಯೋದು. ಆ ಮರಳುಗಲ್ಲು ಕುಂಕುಮದ ಕೆಂಪಲ್ಲ ನೋಡ್ರಿ, ಸುಟ್ಟ ಇಟ್ಟಂಗಿಗೆ ಅರಿಶಿನದ ಕೈ ಒರೆಸಿದಂಗ. ಬರ್ಂಟ್ ಸಿಯೆನ್ನಾ (ಕೆಂಗಂದು ಬಣ್ಣ) ಎರಡು ಪಾಲು, ಯೆಲ್ಲೋ ಓಕರ್ (ಮಣ್ಣಿನ ಹಳದಿ) ಒಂದು ಪಾಲು, ನೀರು ಧಾರಾಳ. ಒಣಗಿದರೆ ಬಣ್ಣ ತಿಳಿಯಾಗುತ್ತೆ, ಹಸಿ ಇದ್ದಾಗ ತುಸು ಗಾಢ ಅನಿಸಿದರೇ ಸರಿ. ಬಂಡೆಯ ಬಿರುಕಿಗೆ ಕಪ್ಪು ಹಚ್ಚಬೇಡಿ, ಸತ್ತಂಗ ಕಾಣುತ್ತೆ. ಅದೇ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ.

ಭೂತನಾಥ ಗುಡಿ ಇರೋದು ಅಗಸ್ತ್ಯ ತೀರ್ಥ ಅನ್ನೋ ಕೆರೆಯ ಮೂಡಣ ದಂಡೆಗೆ. ಮುಂಜಾನೆ ಊರ ಕಡೆಯ ಮೆಟ್ಟಿಲ ಮೇಲೆ ಕೂತರೆ ಎದುರು ಬಿಸಿಲು, ಗುಡಿಯ ಬರೀ ಆಕಾರ ಕಾಣುತ್ತೆ. ಸಂಜೆ ನಾಲ್ಕರ ಮೇಲೆ ಬೆಳಕು ಬೆನ್ನ ಹಿಂದಿನಿಂದ ಬಂದು ಕಂಬ ಕಂಬಕ್ಕೂ ಬೀಳುತ್ತೆ. ನೆರಳಿನ ಗಡಿಯನ್ನ ಮೊದಲ ಹತ್ತು ನಿಮಿಷದಲ್ಲೇ ಪೆನ್ಸಿಲಿನಲ್ಲಿ ಗೆರೆ ಹಾಕಿಬಿಡಿ. ಆಮೇಲೆ ಅದು ಸರಿದಂಗೆಲ್ಲ ಬೆನ್ನು ಹತ್ತಿದರೆ ಒಂದೇ ಚಿತ್ರದಲ್ಲಿ ಎರಡು ಸೂರ್ಯ!

ಕೆರೆ ನೀರು ನೀಲಿಯಲ್ಲ, ಹಸಿರು; ಅದರೊಳಗೆ ಗುಡ್ಡದ ಕೆಂಪು ನಡುಗುತ್ತಿರುತ್ತೆ. ಹಸಿರು ಒಣಗುವ ಮೊದಲೇ ಆ ಕೆಂಪನ್ನ ಇಳಿಬಿಡಬೇಕು. ಬೇಸಿಗೆಯ ಒಣಗಾಳಿಗೆ ಅದೇ ಕಷ್ಟ: ಕುಂಚ ಎತ್ತುವಷ್ಟರಲ್ಲಿ ಅಂಚು ಗಟ್ಟಿಯಾಗಿ ಕಲೆ ನಿಲ್ಲುತ್ತೆ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದದ ಎರಡೂ ಮಗ್ಗುಲು ತೋಯಿಸಿ ಹಲಗೆಗೆ ಅಂಟಿಸಿಕೊಂಡರೆ ಸ್ವಲ್ಪ ಹೊತ್ತು ಸಿಗುತ್ತೆ.

ಅಂದಂಗ, ಬುತ್ತಿಯನ್ನ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಚೀಲ ಸರಕ್ ಅಂದರೆ ಸಾಕು, ಮಂಗ್ಯಾಗಳು ಬುತ್ತಿಯ ಜೊತೆ ಕುಂಚಾನೂ ಒಯ್ತಾವ.