ಮೋಟರೇ ಬೇಕಂದ್ರೆ ಬೈಕೇ ತಗೋಬಹುದಿತ್ತಲ್ಲ?

ಬ್ಯಾಟರಿ, ಮೋಟರ್ ಇರುವ ಗುಡ್ಡದ ಸೈಕಲ್, ಅಂದರೆ ಇ-ಮೌಂಟನ್ ಬೈಕ್ ತಗೊಂಡ ಮೇಲೆ ನನ್ನನ್ನು ಈ ಪ್ರಶ್ನೆ ಕೇಳದವರು ಕಮ್ಮಿ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಭಾವ ಕೇಳುತ್ತಾರೆ, ಲಿಫ್ಟಿನಲ್ಲಿ ಸೈಕಲ್ಲಿಗೆ ಜಾಗ ಬಿಟ್ಟು ಮೂಲೆಗೆ ಸರಿದ ಪಕ್ಕದ ಮನೆಯವರು ಕೇಳುತ್ತಾರೆ, ನಂದಿ ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಗುರುತಿಲ್ಲದವರೂ ಕೇಳುತ್ತಾರೆ. "ಅಷ್ಟು ದುಡ್ಡು ಕೊಟ್ಟಿದ್ದೀರಿ, ಮೋಟರೂ ಇದೆ ಅಂತೀರಿ, ಬುಲೆಟ್ಟೇ ಬರ್ತಿತ್ತಲ್ಲ ಮೇಡಂ?" ಹಳೇ ಸೈಕಲ್ ಗೆಳೆಯರು ಇದನ್ನೇ ಇನ್ನೊಂದು ಥರ ಕೇಳುತ್ತಾರೆ. "ಬೆಟ್ಟ ಹತ್ತೋದು ಮೋಟರು. ನೀನೇನು ಮಾಡ್ತೀಯ? ಮೋಸ ಅಲ್ವಾ ಇದು?"

ನನ್ನ ಉತ್ತರ ಇಷ್ಟೇ. ಇದು ಸೈಕಲ್. ನಾನು ತುಳಿಯೋದು ನಿಲ್ಲಿಸಿದರೆ ಮೋಟರೂ ನಿಲ್ಲುತ್ತದೆ. ಇದು ಇಲ್ಲದಿದ್ದರೆ ನಾನು ಮತ್ತೆ ಮಣ್ಣಿನ ದಾರಿಗೆ ಇಳಿಯುತ್ತಲೇ ಇರಲಿಲ್ಲ. ಕೇಳಿದವರಿಗೆ ನಿಂತ ಕಾಲಿನಲ್ಲಿ ಇಷ್ಟು ಹೇಳಿ ಸುಮ್ಮನಾಗುತ್ತೇನೆ, ಇಲ್ಲಿ ಪೂರ್ತಿ ಹೇಳುತ್ತೇನೆ.

ಮೌಂಟನ್ ಬೈಕಿಂಗ್ ಅಂದರೆ ಡಾಂಬರು ಬಿಟ್ಟು ಮಣ್ಣು, ಕಲ್ಲು, ಬೇರು, ಬಂಡೆ ಇರುವ ದಾರಿಯಲ್ಲಿ ಸೈಕಲ್ ಹೊಡೆಯುವುದು. 2000ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ನಾವೊಂದಿಷ್ಟು ಜನ ಇದರ ಹುಚ್ಚು ಹಿಡಿಸಿಕೊಂಡಿದ್ದೆವು. ಕನಕಪುರ ರಸ್ತೆ ಕಡೆಯ ತುರಹಳ್ಳಿ, ಯಲಹಂಕದಾಚೆಯ ಅವಲಹಳ್ಳಿ, ಭಾನುವಾರ ಬಂತೆಂದರೆ ಇವೇ. ಆಮೇಲೆ ಕೆಲಸ ಜಾಸ್ತಿಯಾಯಿತು, ಮಗಳು ಹುಟ್ಟಿದಳು, ಅದರ ಹಿಂದೆಯೇ ಮಂಡಿಯ ಲಿಗಮೆಂಟ್ ಹೋಯಿತು. ಡಾಕ್ಟರು ಸೈಕಲ್ ಬೇಡ ಅನ್ನಲಿಲ್ಲ. ಕಡಿದಾದ ಏರಿನಲ್ಲಿ ಭಾರದ ಗೇರಿಗೆ ಹಾಕಿಕೊಂಡು ಒತ್ತಿ ತುಳಿಯಬೇಡಿ ಅಂದರು. ಗುಡ್ಡದ ಸೈಕಲ್ಲಿನಲ್ಲಿ ಅದೊಂದನ್ನು ಬಿಟ್ಟರೆ ಮೇಲೆ ಹೋಗುವುದು ಹೇಗೆ? ಹಾಗಾಗಿ ಬಿಟ್ಟೆ. ವರ್ಷಗಳೇ ಕಳೆದವು.

ಮೋಟರ್ ಅಂದ ಕೂಡಲೇ ಜನರಿಗೆ ಆಕ್ಸಿಲರೇಟರ್ ನೆನಪಾಗುತ್ತದೆ. ನನ್ನ ಸೈಕಲ್ಲಿನಲ್ಲಿ ಅದಿಲ್ಲ. ಪೆಡಲ್ ಕೂರುವ ಅಚ್ಚಿನ ಜಾಗದಲ್ಲೇ ಮೋಟರ್ ಇದೆ, ಅದರೊಳಗಿನ ಸೆನ್ಸರ್ ನಾನು ಎಷ್ಟು ಜೋರಾಗಿ ಒತ್ತುತ್ತಿದ್ದೇನೆ ಎಂದು ಅಳೆಯುತ್ತಲೇ ಇರುತ್ತದೆ. ಮೆಲ್ಲಗೆ ಒತ್ತಿದರೆ ಅದೂ ಮೆಲ್ಲಗೆ ಕೈಜೋಡಿಸುತ್ತದೆ, ಜೋರಾಗಿ ಒತ್ತಿದರೆ ಅದೂ ಜೋರಾಗಿ. ಗಂಟೆಗೆ 25 ಕಿ.ಮೀ. ದಾಟಿದರೆ ಬಿಟ್ಟುಬಿಡುತ್ತದೆ, ಅಲ್ಲಿಂದ ಮುಂದೆ ಎಲ್ಲ ನನ್ನ ಕಾಲೇ. ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲೂ 250 ವ್ಯಾಟಿಗಿಂತ ಕಮ್ಮಿ ಶಕ್ತಿಯ, 25 ಕಿ.ಮೀ. ವೇಗದೊಳಗಿನ ಇಂಥ ಹಗುರ ಗಾಡಿಗಳನ್ನು ಮೋಟಾರು ವಾಹನ ಎಂದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಹಿಂದಿನ ಚಕ್ರದಲ್ಲಿ ಮೋಟರ್ ಇರುವ ಕಡಿಮೆ ಬೆಲೆಯ ಇ-ಸೈಕಲ್ಲುಗಳು ಬೇರೆ ಥರ. ಅವುಗಳಲ್ಲಿ ಬಹಳಷ್ಟು, ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಂತ ಮಾತ್ರ ನೋಡುತ್ತವೆ. ಆಫೀಸಿಗೆ ಹೋಗೋಕೆ ಅದು ಸಾಕು. ಕಲ್ಲಿನ ಏರಿನಲ್ಲಿ ಮಾತ್ರ ಬೇಡದ ಹೊತ್ತಿಗೆ ಮುಂದಕ್ಕೆ ತಳ್ಳಿ ಬೀಳಿಸುತ್ತವೆ.

ಈಗ ಲೆಕ್ಕ ನೋಡಿ. ನಾನು ಮತ್ತು ಮೋಟರ್ ಇಲ್ಲದ ಸೈಕಲ್ ಸೇರಿ ಸುಮಾರು 80 ಕೆಜಿ. ನನ್ನ ಕಾಲು ಬಹಳ ಹೊತ್ತು ಕೊಡಬಲ್ಲ ಶಕ್ತಿ 100 ವ್ಯಾಟ್ ಅಂದುಕೊಳ್ಳಿ. ನೂರು ಅಡಿಗೆ ಹತ್ತು ಅಡಿ ಏರುವ ಮಣ್ಣಿನ ದಾರಿಯಲ್ಲಿ ಆ ಶಕ್ತಿಗೆ ಸಿಗುವ ವೇಗ ಗಂಟೆಗೆ 4 ಕಿ.ಮೀ. ಆಸುಪಾಸು. ಅಂದರೆ ನಡಿಗೆ. ದಾರಿ ಇನ್ನಷ್ಟು ಕಡಿದಾದರೆ 2 ಕಿ.ಮೀ. ಆ ವೇಗದಲ್ಲಿ ಸೈಕಲ್ ಬ್ಯಾಲೆನ್ಸೇ ನಿಲ್ಲುವುದಿಲ್ಲ, ಇಳಿದು ತಳ್ಳಬೇಕು. ಅದೇ 100 ವ್ಯಾಟಿಗೆ ಮೋಟರ್ ತನ್ನದು 150 ಸೇರಿಸಿದರೆ, ಸೈಕಲ್ಲಿನ ತೂಕ ಹತ್ತು ಕೆಜಿ ಹೆಚ್ಚಿದ್ದರೂ, ಮೊದಲಿನ ಏರಿನಲ್ಲಿ 8 ಕಿ.ಮೀ. ಹತ್ತಿರ ಹೋಗಬಹುದು. ನಾಲ್ಕಕ್ಕೂ ಎಂಟಕ್ಕೂ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಗುಡ್ಡದಲ್ಲಿ ಅದು ತಳ್ಳಿಕೊಂಡು ಹೋಗುವುದಕ್ಕೂ ಸವಾರಿ ಮಾಡುವುದಕ್ಕೂ ಇರುವ ವ್ಯತ್ಯಾಸ. ಮತ್ತೆ ನೋಡಿ, ನನ್ನ 100 ವ್ಯಾಟ್ ಎಲ್ಲೂ ಕಮ್ಮಿಯಾಗಲಿಲ್ಲ. ನಾನು ಅಷ್ಟೇ ತುಳಿದೆ. ಬೆವರೂ ಬಂತು, ಏದುಸಿರೂ ಬಂತು.

ಇದು ನನ್ನೊಬ್ಬಳ ಅನುಭವ ಅನ್ನುವವರಿಗೆ ಒಂದು ಅಧ್ಯಯನ ಇದೆ. 2019ರಲ್ಲಿ ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 33 ಜನ ಪಳಗಿದ ಸವಾರರನ್ನು ಒಂದೇ ದಾರಿಯಲ್ಲಿ ಎರಡೂ ಥರದ ಸೈಕಲ್ ಮೇಲೆ ಕಳಿಸಿ ಎದೆಬಡಿತ ಅಳೆದರು. ಇ-ಸೈಕಲ್ ಮೇಲಿನ ಸರಾಸರಿ, ಮಾಮೂಲಿ ಸೈಕಲ್ಲಿನ ಸರಾಸರಿಯ ನೂರಕ್ಕೆ 94ರಷ್ಟಿತ್ತು. ಸಣ್ಣ ಅಧ್ಯಯನ, ನಿಜ. ಆದರೆ ಕೂತು ಹೋಗುವವರ ಎದೆ ಹಾಗೆ ಬಡಿಯುವುದಿಲ್ಲ.

ಇನ್ನು ಮೋಸದ ಮಾತು. ಈ ಆಟದ ಚರಿತ್ರೆ ಗೊತ್ತಿದ್ದರೆ ಆ ಮಾತು ಬರುವುದೇ ಇಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹುಡುಗರು ರೀಪ್ಯಾಕ್ ಎಂಬ ಇಳಿಜಾರಿನಲ್ಲಿ ಹಳೇ ದಪ್ಪ ಟೈರಿನ ಸೈಕಲ್ಲುಗಳ ರೇಸ್ ಶುರುಮಾಡಿದರು. ಮೌಂಟನ್ ಬೈಕಿಂಗ್ ಹುಟ್ಟಿದ್ದು ಅಲ್ಲಿ ಅಂತಲೇ ಬಹಳ ಜನ ಹೇಳುತ್ತಾರೆ. ಆ ಭಾರದ ಸೈಕಲ್ಲುಗಳನ್ನು ಎಷ್ಟೋ ಸಲ ಪಿಕಪ್ ಟ್ರಕ್ಕಿನಲ್ಲಿ ಹೇರಿಕೊಂಡೇ ಮೇಲಕ್ಕೆ ಒಯ್ಯುತ್ತಿದ್ದರು. ಇವತ್ತಿಗೂ ಕೆನಡಾದ ವಿಸ್ಲರಿನಂಥ ಕಡೆ ಸವಾರರು ಸ್ಕೀ ಲಿಫ್ಟಿನಲ್ಲಿ ಕೂತು ಹತ್ತಿ, ಸೈಕಲ್ಲಿನಲ್ಲಿ ಇಳಿಯುತ್ತಾರೆ. ಅವರನ್ನು ಯಾರೂ ಮೋಸಗಾರರು ಅನ್ನುವುದಿಲ್ಲ. ನಾನು ತುಳಿದುಕೊಂಡೇ ಹತ್ತುತ್ತೇನಲ್ಲ! ಅದಕ್ಕೂ ಹಿಂದೆ ಹೋದರೆ ಗೇರಿನ ಕಥೆ ಇದೆ. ಟೂರ್ ಡಿ ಫ್ರಾನ್ಸಿನಲ್ಲಿ ಚೈನ್ ಹಾರಿಸುವ ಡಿರೇಲರ್ ಗೇರಿಗೆ 1937ರವರೆಗೂ ಅನುಮತಿ ಇರಲಿಲ್ಲ. ಗೇರ್ ಬಳಸಿದರೆ ಕಾಲಿನ ಕಸುವಿಗೆ ಬೆಲೆ ಇಲ್ಲ ಎಂಬ ವಾದ ಆಗ ಜೋರಾಗಿತ್ತು. ಈಗ ಗೇರಿಲ್ಲದೆ ಆ ರೇಸನ್ನು ಊಹಿಸಿಕೊಳ್ಳಿ ನೋಡೋಣ. 2019ರಲ್ಲಿ ಕೆನಡಾದ ಮಾಂಟ್ ಸೇಂಟ್ ಆನ್‌ನಲ್ಲಿ ಇ-ಮೌಂಟನ್ ಬೈಕಿಗೆ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಗಂಡಸರಲ್ಲಿ ಗೆದ್ದವರು ದಕ್ಷಿಣ ಆಫ್ರಿಕಾದ ಅಲನ್ ಹ್ಯಾದರ್ಲಿ. ಅದೇ ಹ್ಯಾದರ್ಲಿ 2024ರಲ್ಲಿ ಮೋಟರ್ ಇಲ್ಲದ ಮೌಂಟನ್ ಬೈಕಿನ ಕ್ರಾಸ್ ಕಂಟ್ರಿ ರೇಸಿನಲ್ಲೂ ವಿಶ್ವ ಚಾಂಪಿಯನ್ ಆದರು. ಕಾಲಲ್ಲಿ ದಮ್ಮಿಲ್ಲದವರ ಆಟ ಇದು ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಏರಿನಲ್ಲಿ ನಾನೇನು ಮಾಡುತ್ತೇನೆ ಅಂತ ಗೆಳೆಯರು ಕೇಳಿದರಲ್ಲ, ಅದನ್ನೂ ಹೇಳಬೇಕು. ನಂದಿ ಸಾಲಿನ ಬುಡದ ಹಳ್ಳಿಗಳ ಹಿಂದೆ ಗೋಮಾಳ ದಾಟಿ ಮೇಲೇಳುವ ಬಂಡಿದಾರಿಗಳಿವೆ. ಅಂಥ ಒಂದು ದಾರಿಯಲ್ಲಿ ನೀಲಗಿರಿ ತೋಪು ಮುಗಿದ ಮೇಲೆ ಒಂದು ತಿರುವು ಬರುತ್ತದೆ. ಮಳೆನೀರು ಕೊರೆದ ಕೊರಕಲು ಎಡಕ್ಕೆ, ಮೇಲೆ ಗರಸು ಹರಡಿದ ಬೋಳು ಬಂಡೆ ಬಲಕ್ಕೆ, ನಡುವೆ ಸೈಕಲ್ ಟೈರಿನ ಎರಡರಷ್ಟು ಅಗಲದ ಗಟ್ಟಿ ಮಣ್ಣು. ತಿರುವಿಗೆ ಮೊದಲೇ ಗೇರ್ ಇಳಿಸಿಕೊಂಡಿರಬೇಕು, ಯಾಕೆಂದರೆ ಒತ್ತಡದಲ್ಲಿ ಗೇರ್ ಬದಲಿಸಿದರೆ ಮೋಟರಿನ ಬಲವೂ ಸೇರಿ ಚೈನ್ ತುಂಡಾಗಬಹುದು. ಸೀಟಿನ ಮೂತಿಗೆ ಸರಿದು, ಎದೆಯನ್ನು ಹ್ಯಾಂಡಲಿನ ಮೇಲೆ ಬಗ್ಗಿಸಬೇಕು, ಇಲ್ಲದಿದ್ದರೆ ಮುಂದಿನ ಚಕ್ರ ಮೇಲೇಳುತ್ತದೆ. ತೀರಾ ಮುಂದೆ ಬಂದರೆ ಹಿಂದಿನ ಚಕ್ರಕ್ಕೆ ತೂಕ ಸಾಲದೆ ಗರಸಿನಲ್ಲಿ ಸುಮ್ನೆ ಗಿರಗಿರ ತಿರುಗುತ್ತದೆ. ಪೆಡಲ್ ಕೆಳಗಿರುವಾಗ ಕಲ್ಲು ಬರದ ಹಾಗೆ ತುಳಿತದ ಲೆಕ್ಕ ಇಡಬೇಕು. ಮೊದಲೆಲ್ಲ ಇಂಥ ಜಾಗಕ್ಕೆ ಬರುವಷ್ಟರಲ್ಲಿ ನನ್ನ ದಮ್ಮು ಮುಗಿದಿರುತ್ತಿತ್ತು, ಇಳಿದು ತಳ್ಳುತ್ತಿದ್ದೆ. ಈಗ ಆ ತಿರುವು ನನಗೊಂದು ಆಟ. ದಾರಿ ಓದಿ, ತೂಕ ಹಂಚಿ, ಕಾಲಿನ ಒತ್ತಡ ಅಳೆದು ಹತ್ತಬೇಕು. ಹತ್ತಿದ ಮೇಲೆ, ಇಳಿಯುವುದಕ್ಕೆ ಬೇಕಾದ ಕಣ್ಣು ಕೈ ಎರಡೂ ಇನ್ನೂ ಚುರುಕಾಗಿರುತ್ತವೆ. ಸುಸ್ತಾದ ದೇಹದಲ್ಲಿ ಇಳಿಯುವಾಗಲೇ ಜನ ಜಾಸ್ತಿ ಬೀಳುವುದು. ಮತ್ತೆ, ಒಂದು ಸಲ ಇಳಿದವಳು ಇನ್ನೊಂದು ಸಲ ಹತ್ತಬಹುದು! ಈ ಎರಡನೇ ಸುತ್ತಿಗಾಗಿಯೇ ನಾನು ಮೋಟರಿಗೆ ದುಡ್ಡು ಕೊಟ್ಟಿದ್ದು ಅಂದರೂ ತಪ್ಪಲ್ಲ.

ಬುಲೆಟ್ಟಿನಲ್ಲಿ ಇದೇ ದಾರಿಗೆ ಹೋಗಬಹುದಲ್ಲ ಅಂದರೆ, ಹೋಗಬಾರದು ಅನ್ನುತ್ತೇನೆ. ಅದು 190 ಕೆಜಿ ಮೇಲಿದೆ, ನನ್ನದು 24. ಮಳೆಗಾಲದಲ್ಲಿ ಅಂಥ ಗಾಡಿ ಒಂದು ಸಲ ಹೋದ ಕಾಲುದಾರಿ ಕೊರಕಲಾಗುತ್ತದೆ, ಮುಂದಿನ ಮಳೆಗೆ ಅದೇ ಸಣ್ಣ ಹಳ್ಳವಾಗುತ್ತದೆ. ಸದ್ದಿನ ವಿಷಯವೂ ಇದೆ. ನನ್ನ ಮೋಟರ್ ಏರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ ಅಷ್ಟೆ. ಕುರಿ ಮಂದೆ ಎದುರಾದರೆ ನಿಲ್ಲಿಸುತ್ತೇನೆ, ಕುರಿಗಳು ಚದುರದೆ ಪಕ್ಕದಲ್ಲೇ ಹಾದುಹೋಗುತ್ತವೆ. ಕುರಿ ಕಾಯುವವರು "ಏನಕ್ಕಾ, ಕರೆಂಟ್ ಸೈಕಲ್ಲಾ?" ಅಂತ ಮುಟ್ಟಿ ನೋಡುತ್ತಾರೆ. ಆ ಮಾತುಕತೆಯೂ ನನಗೆ ಸವಾರಿಯ ಒಂದು ಭಾಗವೇ. ಹಾಗಂತ ಸೈಕಲ್ಲಿಗೆ ಎಲ್ಲ ಕಡೆ ಹೋಗುವ ಹಕ್ಕಿದೆ ಅಂತ ಹೇಳುತ್ತಿಲ್ಲ. ಅರಣ್ಯ ಇಲಾಖೆಯ ಜಾಗಕ್ಕೆ ಅನುಮತಿ ಇಲ್ಲದೆ ಹೋಗಬೇಡಿ, ಮೋಟರ್ ಇರಲಿ ಬಿಡಲಿ. ಬೆಳೆ ಇರುವ ಹೊಲದ ಬದುವಿನ ಮೇಲೂ ಬೇಡ.

ಬಿಟ್ಟು ಹೋಗಿದ್ದ ವರ್ಷಗಳಲ್ಲಿ ಸೈಕಲ್ಲೇ ಬದಲಾಗಿಬಿಟ್ಟಿದೆ. 26 ಇಂಚಿನ ಚಕ್ರದ ಜಾಗಕ್ಕೆ 29 ಬಂದಿದೆ, ಕಲ್ಲಿನ ಮೇಲೆ ಉರುಳುವುದು ಎಷ್ಟು ಸಲೀಸು ಗೊತ್ತಾ? ಮುಂದೆ ಮೂರು ಹಲ್ಲುಚಕ್ರ ಇದ್ದದ್ದು ಒಂದೇ ಆಗಿದೆ, ಹಿಂದೆ ಹನ್ನೆರಡು. ಹ್ಯಾಂಡಲ್ ಅಗಲವಾಗಿದೆ. ಹೆಬ್ಬೆರಳಲ್ಲಿ ಒಂದು ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುತ್ತದೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಲು ಜಾಗ ಸಿಗುತ್ತದೆ. ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು ಟ್ಯೂಬ್ ಇಲ್ಲದ ಟೈರು. ನಮ್ಮ ಕಡೆಯ ಜಾಲಿ ಮುಳ್ಳಿನ ಕಾಟ ತಿಂದವರಿಗೇ ಗೊತ್ತು. ಮುಳ್ಳು ಕಿತ್ತರೆ ಸುಯ್ಯ್ ಅಂತ ಗಾಳಿ ಬಂತು, ಒಳಗಿನ ಬಿಳಿ ದ್ರವ ಹನಿ ಹನಿಯಾಗಿ ತೂತಿನಲ್ಲಿ ಕಟ್ಟಿಕೊಂಡಿತು, ಚಕ್ರ ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಸದ್ದು ನಿಂತಿತು. ಪಂಕ್ಚರ್ ಕಿಟ್ ಚೀಲದಲ್ಲೇ ಉಳಿಯಿತು.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಬೆಲೆ ವಿಪರೀತ. ಪೆಡಲ್ ಹತ್ತಿರ ಮೋಟರ್ ಇರುವ ಒಳ್ಳೆಯ ಇ-ಮೌಂಟನ್ ಬೈಕಿಗೆ ಲಕ್ಷಗಳ ಲೆಕ್ಕವೇ. ಭಾವ ಹೇಳುವ ಬುಲೆಟ್ ಆ ದುಡ್ಡಿಗೆ ಖಂಡಿತ ಬರುತ್ತದೆ. ಚೈನ್ ಬೇಗ ಸವೆಯುತ್ತದೆ. ಮೋಟರ್ ಕೆಟ್ಟರೆ ಬೀದಿ ಕೊನೆಯ ಸೈಕಲ್ ಶಾಪಿನವರಿಗೆ ಏನೂ ಮಾಡಲಾಗುವುದಿಲ್ಲ. 24 ಕೆಜಿಯನ್ನು ಬೇಲಿ ದಾಟಿಸಬೇಕಾದರೆ ಒಬ್ಬಳಿಗೆ ಕಷ್ಟ. ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ, 160 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರ ವಿಮಾನದಲ್ಲಿ ಜಾಗವಿಲ್ಲ, ನನ್ನದು 500. ಆ 500ರ ಲೆಕ್ಕವನ್ನೂ ತಿಳಿದಿರಬೇಕು. ನಾನೂ ಈ ಸೈಕಲ್ಲೂ ಸೇರಿ 90 ಕೆಜಿ, ಅದನ್ನು 1000 ಮೀಟರ್ ಮೇಲಕ್ಕೆ ಎತ್ತಲು ಕನಿಷ್ಠ 245 ವ್ಯಾಟ್ ಅವರ್ ಬೇಕು. ನೆಲದ ಎಳೆತ, ಮೋಟರಿನ ಬಿಸಿ ಎಲ್ಲ ಸೇರಿದರೆ ಅದಕ್ಕಿಂತ ಎಷ್ಟೋ ಜಾಸ್ತಿ. ನಾನು ನನ್ನ ಪಾಲು ತುಳಿದರೆ ಒಂದು ಚಾರ್ಜಿನಲ್ಲಿ ಅಷ್ಟು ಎತ್ತರ ಹತ್ತಿ ಇನ್ನೂ ಉಳಿಯುತ್ತದೆ. ಮೈಗಳ್ಳತನ ಮಾಡಿ ಪೂರ್ತಿ ಟರ್ಬೋದಲ್ಲೇ, ಅಂದರೆ ಮೋಟರ್ ಅತಿ ಹೆಚ್ಚು ಸಹಾಯ ಮಾಡುವ ಹಾಗೆ ಇಟ್ಟರೆ ಊರಿಂದ ದೂರದಲ್ಲಿ ಚಾರ್ಜ್ ಮುಗಿದು, ಆ ಭಾರದ ಸೈಕಲ್ಲನ್ನು ಬರೀ ಕಾಲಿನಲ್ಲಿ ಮನೆಗೆ ತರಬೇಕಾಗುತ್ತದೆ. ಕರೆಂಟ್ ಖರ್ಚು ಲೆಕ್ಕಕ್ಕೇ ಇಲ್ಲ, ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ.

ಮಂಡಿ ನೋವು, ವಯಸ್ಸು, ಬಿಟ್ಟು ಬಹಳ ವರ್ಷವಾಯಿತು ಅಂತ ಕೈಕಟ್ಟಿ ಕೂತವರು ನನಗೆ ಬರೆದು ಕೇಳುತ್ತಾರೆ, ತಗೊಳ್ಳಲಾ ಅಂತ. ಮೊದಲು ಯಾರದಾದರೂ ಕೇಳಿ ಪಡೆದು ಓಡಿಸಿ ನೋಡಿ, ಅದೂ ಏರಿನಲ್ಲಿ. ಸಮತಟ್ಟು ರಸ್ತೆಯಲ್ಲಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಮಂಡಿ ಸಮಸ್ಯೆ ಇರುವವರು ಡಾಕ್ಟರನ್ನು ಕೇಳಿ, ಸೀಟಿನ ಎತ್ತರ ಸರಿಮಾಡಿಸಿಕೊಳ್ಳಿ, ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ. ಈ ಮೋಟರುಗಳು ಹಾಗೆ ತುಳಿದರೇ ಚೆನ್ನಾಗಿ ಕೆಲಸ ಮಾಡುತ್ತವೆ, ಮಂಡಿಗೂ ಅದೇ ಒಳ್ಳೆಯದು. ಮೊದಲ ಕೆಲವು ವಾರ ಕಮ್ಮಿ ಸಹಾಯದ ಇಕೋದಲ್ಲೇ ಇಡಿ. ಇಳಿಜಾರಿನಲ್ಲಿ ಬ್ರೇಕ್ ಬೇಗ ಹಿಡಿಯಿರಿ, ಹತ್ತು ಕೆಜಿ ಹೆಚ್ಚಿನ ಸೈಕಲ್ ನಿಲ್ಲಲು ಜಾಸ್ತಿ ಜಾಗ ಬೇಕು. ಇನ್ನು ಭಾವನ ಪ್ರಶ್ನೆಗೆ ನಾನು ಉತ್ತರ ಕೊಡುವ ಬದಲು, ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ನಂದಿ ಕಡೆ ಬನ್ನಿ, ಅರ್ಧ ದಾರಿ ನೀವೇ ತುಳಿಯಿರಿ ಅಂತ ಕರೆದಿದ್ದೇನೆ. ಬರುತ್ತೇನೆ ಅಂದಿದ್ದಾರೆ.